ಖುಕುರಿ: ಒಂದು ಅಲಗನ್ನು ದಾಖಲೆಯಾಗಿ ಓದುವ ಬಗೆ

ಇತಿಹಾಸದ ಆಕರಗಳೆಂದೊಡನೆ ಶಾಸನ, ಕಡತ, ನಾಣ್ಯ, ಪ್ರವಾಸಿಗರ ಬರಹ ಇವೇ ನಮ್ಮ ಮನಸ್ಸಿಗೆ ಬರುವುವು. ಜನರು ದಿನವೂ ಕೈಯಲ್ಲಿ ಹಿಡಿದು ಸವೆಸಿದ ಉಪಕರಣಗಳು ಈ ಪಟ್ಟಿಯಲ್ಲಿ ಸೇರುವುದು ಅಪರೂಪ. ಅವು ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯನ್ನೋ ಹವ್ಯಾಸಿ ಸಂಗ್ರಾಹಕರ ಗೋಡೆಯನ್ನೋ ಸೇರಿ, ನೋಡುವವರ ಕುತೂಹಲವನ್ನು ತಣಿಸಿ ಸುಮ್ಮನಾಗುವುವು. ಆದರೆ ಬರೆದಿಡುವ ಅಧಿಕಾರವಾಗಲಿ ಅವಕಾಶವಾಗಲಿ ಇಲ್ಲದಿದ್ದ ಜನರ ಚರಿತ್ರೆಗೆ ಇಂಥ ವಸ್ತುಗಳೇ ಹಲವು ವೇಳೆ ಉಳಿದಿರುವ ಸಾಕ್ಷ್ಯ. ನೇಪಾಳದ ಖುಕುರಿಯನ್ನು ನಿದರ್ಶನವಾಗಿ ಎತ್ತಿಕೊಂಡು, ಅಲಗೊಂದು ಇತಿಹಾಸಕಾರನಿಗೆ ಏನನ್ನು ಹೇಳಬಲ್ಲುದು, ಏನನ್ನು ಹೇಳಲಾರದು, ಸಂಗ್ರಹಿಸುವ ಕ್ರಮದಿಂದಲೇ ಅದರ ಸಾಕ್ಷ್ಯ ಹೇಗೆ ಅಳಿಸಿಹೋಗಬಹುದು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ವಸ್ತುವಿನ ಸ್ವರೂಪವನ್ನು ನೋಡೋಣ. ಖುಕುರಿಯ ಅಲಗು ಹಿಡಿಯಿಂದ ಹೊರಟು ಮುಂದಕ್ಕೆ ಬಾಗಿರುವುದು. ಬಾಗಿನ ಒಳಮಗ್ಗುಲಲ್ಲಿ ಅದರ ಬಾಯಿ ಇರುವುದು. ತುದಿಯ ಕಡೆಗೆ ಅಲಗು ಅಗಲವಾಗಿ, ಭಾರವೆಲ್ಲ ಮುಂದಕ್ಕೆ ಸೇರಿರುವುದರಿಂದ ಸಣ್ಣ ಕತ್ತಿಯಾದರೂ ಕೊಡಲಿಯಂತೆ ಕಡಿಯಬಲ್ಲುದು. ಹಿಡಿಯ ಬಳಿಯ ಭಾಗದಿಂದ ಚಾಕುವಿನಂತೆ ಹೆಚ್ಚಬಹುದು. ಹಿಡಿಯ ಸಮೀಪದಲ್ಲಿ ಬಾಯಿಯ ಅಂಚಿನಲ್ಲಿ ಕೌಡಿ ಎಂಬ ಸಣ್ಣ ಕಚ್ಚು ಇರುವುದು. ಇದನ್ನು ಶಿವನ ತ್ರಿಶೂಲವೆನ್ನುವವರುಂಟು, ಗೋವಿನ ಗೊರಸಿನ ಗುರುತೆನ್ನುವವರುಂಟು, ಹಿಡಿಗೆ ರಕ್ತ ಹರಿಯದಂತೆ ತಡೆಯುವ ಉಪಾಯವೆನ್ನುವವರೂ ಉಂಟು. ವಿವರಣೆಗಳು ಇಷ್ಟೊಂದು ಇರುವುದೇ ಇವು ಬಳಕೆಯ ನಂತರ ಹುಟ್ಟಿಕೊಂಡವೆಂಬ ಸಂದೇಹಕ್ಕೆ ಎಡೆಗೊಡುತ್ತದೆ. ಮರದ ಒರೆಗೆ ಚರ್ಮ ಹೊದಿಸಿ, ಅದರ ಹಿಂಬದಿಯಲ್ಲಿ ಎರಡು ಕಿರಿಯ ಉಪಕರಣಗಳನ್ನು ಸಿಕ್ಕಿಸುವರು. ಕರ್ದ ಎಂಬುದು ಸಣ್ಣ ಕೆಲಸಗಳ ಚಾಕು. ಚಕ್ಮಕ್ ಎಂಬುದು ಮೊಂಡಾದ ಉಕ್ಕಿನ ತುಂಡು, ಕಲ್ಲಿಗೆ ಉಜ್ಜಿ ಬೆಂಕಿ ಹೊತ್ತಿಸಲೂ ಅಲಗಿನ ಬಾಯಿಯನ್ನು ನೇರ್ಪಡಿಸಲೂ ಬರುವಂಥದು. ಒರೆಯನ್ನೂ ಈ ಜೊತೆಗಾರರನ್ನೂ ಸೇರಿಸಿ ನೋಡಿದರೆ ಖುಕುರಿಯು ಕೇವಲ ಆಯುಧವಲ್ಲ, ಬೆಟ್ಟದ ದಾರಿಯಲ್ಲಿ ನಡೆಯುವವನ ಸಂಸಾರದ ಒಂದು ಭಾಗವೆಂಬುದು ಸ್ಪಷ್ಟವಾಗುವುದು.

ಈ ಮಾತಿಗೆ ಬರಹದ ಆಧಾರವೂ ಉಂಟು. ಈಸ್ಟ್ ಇಂಡಿಯಾ ಕಂಪನಿಯ ದೂತನಾಗಿ ೧೭೯೩ರಲ್ಲಿ ನೇಪಾಳಕ್ಕೆ ಹೋದ ವಿಲಿಯಂ ಕರ್ಕ್‌ಪ್ಯಾಟ್ರಿಕ್ ಆ ದೇಶವನ್ನು ಕುರಿತು ೧೮೧೧ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದನು. ಅಲ್ಲಿ ಅವನು ಖುಕುರಿಯನ್ನು ಹೆಸರಿಸಿ, ಅದನ್ನು ಎಲ್ಲರೂ ಧರಿಸುವರೆಂದೂ, ಸಣ್ಣ ಮರಗಳನ್ನೂ ಪೊದೆಗಳನ್ನೂ ಕಡಿಯಲು, ಕೊಂಬೆ ಸವರಲು ಅದನ್ನು ಮುಖ್ಯವಾಗಿ ಬಳಸುವರೆಂದೂ ಹೇಳಿರುವನು. ಕಂಪನಿಗೂ ನೇಪಾಳಕ್ಕೂ ಯುದ್ಧ ನಡೆಯುವ ಮೊದಲಿನ ಈ ಹೇಳಿಕೆಯಲ್ಲಿ ಖುಕುರಿಯ ಪ್ರಧಾನ ಕೆಲಸ ಕಾಡಿನದು, ರಣರಂಗದ್ದಲ್ಲ ಎಂಬುದನ್ನು ನಾವು ಗಮನಿಸಬೇಕು.

ಚಿತ್ರ ಬದಲಾದುದು ೧೮೧೪ರಿಂದ ೧೮೧೬ರವರೆಗೆ ನಡೆದ ಯುದ್ಧದಿಂದ. ದೆಹರಾದೂನಿನ ಬಳಿಯ ನಾಲಾಪಾನಿ ಕೋಟೆಯಲ್ಲಿ ಬಲಭದ್ರ ಕುಂವರ್ ಸುಮಾರು ೬೦೦ ಜನರೊಡನೆ ತನಗಿಂತ ಹಲವು ಪಟ್ಟು ದೊಡ್ಡ ಸೈನ್ಯವನ್ನು ತಿಂಗಳ ಕಾಲ ತಡೆದನು. ಮುತ್ತಿಗೆಯ ಮೊದಲ ದಿನವೇ, ೧೮೧೪ರ ಅಕ್ಟೋಬರ್ ೩೧ರಂದು, ಕಂಪನಿಯ ಸೇನಾನಿ ರೋಲೊ ಗಿಲೆಸ್ಪಿ ಮಡಿದನು. ಟಿಪ್ಪುವಿನ ಮಕ್ಕಳನ್ನು ಇರಿಸಿದ್ದ ವೆಲ್ಲೂರು ಕೋಟೆಯಲ್ಲಿ ೧೮೦೬ರಲ್ಲಿ ಎದ್ದ ಸಿಪಾಯಿಗಳ ದಂಗೆಯನ್ನು ಅಡಗಿಸಿದವನು ಇವನೇ ಆದುದರಿಂದ ಮೈಸೂರಿನ ಇತಿಹಾಸವನ್ನು ಓದುವವರಿಗೆ ಈ ಹೆಸರು ಹೊಸದಲ್ಲ. ಯುದ್ಧ ಮುಗಿಯುವ ಮೊದಲೇ, ೧೮೧೫ರಲ್ಲಿ, ಕಂಪನಿಯು ಗೂರ್ಖರನ್ನು ತನ್ನ ಸೈನ್ಯಕ್ಕೆ ಸೇರಿಸಿಕೊಳ್ಳತೊಡಗಿತು. ಅಲ್ಲಿಂದ ಮುಂದೆ ಖುಕುರಿಯೆಂದರೆ ಗೂರ್ಖ ಯೋಧ, ಗೂರ್ಖ ಯೋಧನೆಂದರೆ ಖುಕುರಿ ಎಂಬ ಸಮೀಕರಣ ಇಂಗ್ಲಿಷ್ ಬರಹಗಳಲ್ಲಿ ಬೇರೂರಿತು. ನಾಲಾಪಾನಿಯನ್ನು ಕಾದವರ ಬಳಿ ಬಂದೂಕಗಳೂ ಫಿರಂಗಿಗಳೂ ಇದ್ದುವೆಂಬುದು ಹಿಂದೆ ಸರಿಯಿತು. ಒರೆಯಿಂದ ಹಿರಿದ ಖುಕುರಿ ರಕ್ತ ಕಾಣದೆ ಮರಳಿ ಒರೆ ಸೇರಬಾರದೆಂಬ ಕಥೆಯೂ ಈ ಖ್ಯಾತಿಯ ಬೆನ್ನಿಗೆ ಬೆಳೆದು ಬಂದಿತು. ದಿನಕ್ಕೆ ಹತ್ತು ಸಲ ಸೌದೆಗೂ ತರಕಾರಿಗೂ ಹಿರಿಯಬೇಕಾದ ಕತ್ತಿಗೆ ಇಂಥ ನಿಯಮ ಹೇಗೆ ಹೊಂದೀತು ಎಂದು ಕೇಳಿದರೆ ಸಾಕು, ಕಥೆ ನಿಲ್ಲುವುದಿಲ್ಲ.

ಖ್ಯಾತಿಯ ಜೊತೆಗೆ ಮೂಲದ ಪ್ರಶ್ನೆಯೂ ಎದ್ದಿತು. ಪ್ರಾಚೀನ ಗ್ರೀಕರ ಕೊಪಿಸ್ ಎಂಬ ಕತ್ತಿಯೂ ಮುಂದಕ್ಕೆ ಬಾಗಿದ ಅಲಗಿನದು. ಇದನ್ನು ಕಂಡು, ಅಲೆಕ್ಸಾಂಡರನ ಸೈನ್ಯದೊಡನೆ ಬಂದ ಕೊಪಿಸ್ಸೇ ಖುಕುರಿಯಾಯಿತೆಂದು ಹಲವರು ಬರೆದಿರುವರು. ರಿಚರ್ಡ್ ಬರ್ಟನ್ನನು ಕತ್ತಿಗಳ ಚರಿತ್ರೆಯನ್ನು ಕುರಿತು ೧೮೮೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯೂ ಈ ಬಗೆಯ ಹೋಲಿಕೆಗಳಿವೆ. ಅದೇ ವರ್ಷ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯಕ್ಕೆ ತನ್ನ ಸಂಗ್ರಹವನ್ನು ಒಪ್ಪಿಸಿದ ಪಿಟ್ ರಿವರ್ಸನು ವಸ್ತುಗಳನ್ನು ದೇಶವಾರು ಇಡದೆ, ಆಕಾರದ ಸಾಮ್ಯವನ್ನು ಹಿಡಿದು ಸಾಲಾಗಿ ಜೋಡಿಸುವ ಪದ್ಧತಿಗೆ ಹೆಸರಾದವನು. ಪದ್ಧತಿ ಉಪಯುಕ್ತವೇ, ಆದರೆ ಸಾಲಿನಲ್ಲಿ ಪಕ್ಕಪಕ್ಕದಲ್ಲಿರುವುದೆಲ್ಲ ವಂಶದಲ್ಲಿಯೂ ಪಕ್ಕದಲ್ಲಿರುವುದೆಂದು ಬಗೆಯುವ ಅಪಾಯ ಅದರಲ್ಲಿದೆ. ಅಲೆಕ್ಸಾಂಡರನ ಕಾಲಕ್ಕೂ ನಮಗೆ ದೊರೆತಿರುವ ಖುಕುರಿಗಳಿಗೂ ನಡುವೆ ಬಹು ದೀರ್ಘವಾದ ಅಂತರವಿದೆ. ಕಠ್ಮಂಡುವಿನ ಛಾವನಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿರುವ, ೧೫೫೯ರಲ್ಲಿ ಗೋರ್ಖಾದ ದೊರೆಯಾದ ದ್ರವ್ಯ ಶಾಹನದೆಂದು ಹೇಳಲಾಗುವ ಖುಕುರಿಯನ್ನೇ ಹಳೆಯ ಮಾದರಿಯೆಂದು ಸಾಮಾನ್ಯವಾಗಿ ಉದಾಹರಿಸುವರು.

ಆಕಾರದ ಸಾಮ್ಯವು ಸಂಬಂಧದ ಪ್ರಮಾಣವಲ್ಲವೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಒಳ್ಳೆಯ ನಿದರ್ಶನವಿದೆ. ಕೊಡವರು ಬೆನ್ನ ಹಿಂದೆ ಹಿತ್ತಾಳೆಯ ತೊಡಂಗಿನಲ್ಲಿ ಸಿಕ್ಕಿಸುವ ಒಡಿಕತ್ತಿಯ ಅಲಗೂ ಅಗಲವಾಗಿ ಮುಂದಕ್ಕೆ ಬಾಗಿ, ಒಳಮಗ್ಗುಲಲ್ಲಿ ಹರಿತವಾಗಿರುವುದು. ಅದೂ ಕಾಡು ಬೆಟ್ಟಗಳ ನಾಡಿನದು. ಕೈಲ್ ಪೊಳ್ದ್ ಹಬ್ಬದಲ್ಲಿ ಕೊಡವರು ಆಯುಧಗಳನ್ನು ಪೂಜಿಸುವಂತೆ ದಸೈಂ ಹಬ್ಬದಲ್ಲಿ ನೇಪಾಳಿಗಳೂ ಪೂಜಿಸುವರು. ಇಷ್ಟಾದರೂ ಒಂದು ಇನ್ನೊಂದರಿಂದ ಬಂದಿತೆಂದು ಹೇಳಲು ಆಧಾರವಿಲ್ಲ. ಪೊದೆ ಸವರಿ ದಾರಿ ಮಾಡಿಕೊಳ್ಳುವ ಕೈಗೆ ಮುಂದಕ್ಕೆ ಭಾರವಾದ ಅಲಗು ಬೇಕು. ಒಂದೇ ಬಗೆಯ ಕೆಲಸವು ದೂರ ದೂರದ ನಾಡುಗಳಲ್ಲಿ ಒಂದೇ ಬಗೆಯ ಆಕಾರವನ್ನು ರೂಪಿಸಬಹುದು.

ಹಾಗಾದರೆ ಅಲಗಿನಿಂದ ನಿಶ್ಚಯವಾಗಿ ತಿಳಿಯುವುದೇನು? ಇಲ್ಲಿ ಒಟ್ಟು ಆಕಾರಕ್ಕಿಂತ ಸಣ್ಣ ವಿವರಗಳೇ ಹೆಚ್ಚು ಮಾತಾಡುವುವು. ಅಲಗಿನ ಬಾಲವು ಹಿಡಿಯೊಳಗೆ ಹೊಕ್ಕು ರಾಳದ ಅಂಟಿನಲ್ಲಿ ನಿಂತಿದೆಯೋ, ಹಿಡಿಯಷ್ಟೇ ಅಗಲವಾಗಿದ್ದು ಎರಡು ಪಕ್ಕದ ಹಲಗೆಗಳಿಗೆ ಮೊಳೆಗಳಿಂದ ಬಿಗಿಯಲ್ಪಟ್ಟಿದೆಯೋ? ಹಿಡಿ ಮರದ್ದೋ ಎಮ್ಮೆಯ ಕೊಂಬಿನದೋ? ಅಲಗಿನ ಮೈಯಲ್ಲಿ ತೋಡಿದ ಗೀರುಗಳೆಷ್ಟು? ಬ್ರಿಟಿಷ್ ಭಾರತದ ಸೈನ್ಯಕ್ಕಾಗಿ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ತಯಾರಾದ ಅಲಗುಗಳ ಮೇಲೆ ತಯಾರಿಕೆಯ ವರ್ಷವನ್ನೂ ಪರೀಕ್ಷೆಯ ಮುದ್ರೆಯನ್ನೂ ಒತ್ತಿರುವುದುಂಟು. ನೇಪಾಳದ ಸ್ವಂತ ಸೈನ್ಯದ ಹಲವು ಅಲಗುಗಳ ಮೇಲೆ ದೇವನಾಗರಿ ಲಿಪಿಯಲ್ಲಿ ಪಲ್ಟನಿನ ಹೆಸರೂ ಕ್ರಮಸಂಖ್ಯೆಯೂ ಇವೆ. ಇವು ನಿಜವಾದ ಅರ್ಥದಲ್ಲಿ ಕಿರುಶಾಸನಗಳೇ. ಒಂದು ಪಲ್ಟನಿನ ಇತಿಹಾಸ ತಿಳಿದಿದ್ದರೆ ಅಲಗಿನ ಕಾಲವನ್ನು ಸಮೀಪಿಸಬಹುದು. ಕಾಲ ತಿಳಿದ ಅಲಗುಗಳನ್ನು ಹಿಡಿದು ಬರಹವಿಲ್ಲದವುಗಳ ಕಾಲವನ್ನು ಊಹಿಸಬಹುದು.

ಇಂಥ ಸಾಕ್ಷ್ಯದ ಅತಿ ದೊಡ್ಡ ರಾಶಿಯೊಂದು ಕಠ್ಮಂಡುವಿನ ಲಗನ್ ಸಿಲೆಖಾನದಲ್ಲಿದ್ದಿತು. ಸಿಲೆಖಾನವೆಂದರೆ ಆಯುಧಶಾಲೆ. ಅಲ್ಲಿ ಕೂಡಿಟ್ಟಿದ್ದ ಹಳೆಯ ಬಂದೂಕಗಳೊಡನೆ ಸಾವಿರಾರು ಖುಕುರಿಗಳು ೨೦೦೩ರಲ್ಲಿ ಅಮೆರಿಕೆಯ ವ್ಯಾಪಾರಿಗಳಿಗೆ ಮಾರಾಟವಾಗಿ, ಬಿಡಿಬಿಡಿಯಾಗಿ ಲೋಕದ ನಾನಾ ಕಡೆಯ ಸಂಗ್ರಾಹಕರ ಕೈ ಸೇರಿದುವು. ಇದರಿಂದ ಅಧ್ಯಯನಕ್ಕೆ ಲಾಭವಾಯಿತೆಂಬುದನ್ನು ಅಲ್ಲಗಳೆಯಲಾಗದು: ಬರಹವುಳ್ಳ ಅಲಗುಗಳು ಒಮ್ಮೆಗೇ ಬೆಳಕಿಗೆ ಬಂದುವು, ಸಂಗ್ರಾಹಕರು ಅಕ್ಷರಗಳನ್ನು ಓದಿ ಹೋಲಿಸಿದರು. ನಷ್ಟವೂ ಅಷ್ಟೇ ನಿಜ. ಶಾಸನವೊಂದನ್ನು ಊರಿನಿಂದ ಕಿತ್ತರೆ ಅಕ್ಷರ ಉಳಿದರೂ ಸ್ಥಳದ ಸಾಕ್ಷ್ಯ ಹೋಗುವಂತೆ, ಯಾವ ಅಲಗು ಯಾವುದರ ಜೊತೆಗಿದ್ದಿತು, ಒಂದೊಂದು ಪಲ್ಟನಿನವು ಎಷ್ಟಿದ್ದುವು ಎಂಬುದನ್ನು ಚದುರಿದ ರಾಶಿಯಿಂದ ಮತ್ತೆ ಕಟ್ಟುವುದು ಕಷ್ಟ.

ಇನ್ನು ಅಲಗಿನ ಮೇಲೆ ಸಾಮಾನ್ಯವಾಗಿ ಕಾಣದ ಒಂದು ಹೆಸರಿನ ವಿಷಯ. ಪಲ್ಟನಿನ ಹೆಸರಿದೆ, ಕೆಲವೊಮ್ಮೆ ಒಡೆಯನ ಹೆಸರಿದೆ. ಮಾಡಿದ ಕಮ್ಮಾರನ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ನೇಪಾಳದ ಗುಡ್ಡನಾಡಿನಲ್ಲಿ ಖುಕುರಿಯನ್ನು ಮಾಡುವವರು ಕಾಮಿಗಳು, ಇಂದು ವಿಶ್ವಕರ್ಮರೆಂದೂ ಕರೆದುಕೊಳ್ಳುವವರು. ಅಲಗಿಗೆ ಹದ ಕೊಡುವ ಇವರ ರೀತಿ ಗಮನಾರ್ಹವಾದುದು: ಕಾದ ಅಲಗನ್ನು ಪೂರ್ತಿಯಾಗಿ ನೀರಿನಲ್ಲಿ ಮುಳುಗಿಸದೆ, ಕೊಂಬಿಯಿರುವ ಪಾತ್ರೆಯಿಂದ ಬಾಯಿಯ ಅಂಚಿನುದ್ದಕ್ಕೆ ಮಾತ್ರ ನೀರು ಹೊಯ್ಯುವರು. ಅದರಿಂದ ಅಂಚು ಗಡಸಾಗಿ, ಬೆನ್ನು ಮೆದುವಾಗಿ ಉಳಿದು, ಬಲವಾಗಿ ಕಡಿದರೂ ಅಲಗು ಸುಲಭವಾಗಿ ಮುರಿಯದು. ಇದು ಪುಸ್ತಕದಿಂದ ಬಂದ ವಿದ್ಯೆಯಲ್ಲ, ಕುಲುಮೆಯ ಬಳಿ ಕಣ್ಣು ಕಲಿತ ವಿದ್ಯೆ. ಈಚಿನ ಕಾಲದಲ್ಲಿ ಲಾರಿಗಳ ಹಳೆಯ ಸ್ಪ್ರಿಂಗ್ ಪಟ್ಟಿಗಳೇ ಇವರಿಗೆ ಉಕ್ಕು. ನಮ್ಮ ಹಳ್ಳಿಗಳ ಆಯದ ಪದ್ಧತಿಯಂತೆ ಅಲ್ಲಿ ಬಾಲಿಘರೆ ಎಂಬ ಪದ್ಧತಿಯುಂಟು. ವರ್ಷವಿಡೀ ಮಾಡಿದ ಕೆಲಸಕ್ಕೆ ಸುಗ್ಗಿಯಲ್ಲಿ ಧಾನ್ಯ. ಇಂಥ ಕುಶಲರನ್ನು ೧೮೫೪ರ ಮುಲುಕಿ ಐನ್ ಎಂಬ ರಾಜ್ಯದ ಸಂಹಿತೆಯು ಅಸ್ಪೃಶ್ಯರ ಸಾಲಿನಲ್ಲಿ ಇರಿಸಿತು. ಕಾಮಿಯ ಕೈಯ ನೀರು ಮೇಲ್ಜಾತಿಯವರಿಗೆ ಸಲ್ಲದು; ಅವನ ಕೈಯ ಅಲಗು ದಸೈಂನಲ್ಲಿ ದೇವಿಯ ಮುಂದೆ ಸಲ್ಲುವುದು! ೧೯೬೩ರ ಹೊಸ ಸಂಹಿತೆಯು ಈ ಭೇದಕ್ಕೆ ಕಾನೂನಿನ ಬೆಂಬಲವನ್ನು ತೆಗೆದುಹಾಕಿತು. ೨೦೧೧ರ ಅಧಿನಿಯಮವು ಅಸ್ಪೃಶ್ಯತೆಯ ಆಚರಣೆಗೆ ಶಿಕ್ಷೆಯನ್ನು ವಿಧಿಸಿತು. ವೀರಗಾಥೆಯ ಖುಕುರಿಯಲ್ಲಿ ಈ ಚರಿತ್ರೆ ಕಾಣದು. ಬಾಲ, ಬೆನ್ನು, ಹದಗಳನ್ನು ನೋಡುವವನಿಗೆ ಮಾತ್ರ ಕಮ್ಮಾರನ ಕೈ ಕಾಣುವುದು.

ಇದರಿಂದ ನಮ್ಮ ವಿದ್ಯಾರ್ಥಿಗಳಿಗೆ ದೊರೆಯುವ ಪಾಠ ಸರಳವಾದುದು. ಅಲಗನ್ನು ಅದರ ಒರೆಯಿಂದಲೂ ಕಿರುಗತ್ತಿಗಳಿಂದಲೂ ಅಗಲಿಸಬಾರದು. ಹೊಳಪಿಗಾಗಿ ಉಜ್ಜಬಾರದು, ಉಜ್ಜಿದಲ್ಲಿ ಅಕ್ಷರವೂ ಅರಗಲ್ಲಿನ ಗುರುತೂ ಒಟ್ಟಿಗೆ ಹೋಗುವುವು. ಯಾರಿಂದ, ಎಲ್ಲಿಂದ, ಎಂದು ಬಂದಿತೆಂಬುದನ್ನು ಬಂದ ದಿನವೇ ಬರೆದಿಡಬೇಕು. ನೂರು ವರ್ಷ ದಾಟಿದ ವಸ್ತುಗಳ ಸಾಗಣೆಯನ್ನು ನೇಪಾಳವು ೧೯೫೬ರ, ಭಾರತವು ೧೯೭೨ರ ಅಧಿನಿಯಮಗಳಿಂದ ನಿರ್ಬಂಧಿಸಿರುವುದನ್ನು ಮರೆಯಬಾರದು. ಕೊಡಗಿನ ಒಡಿಕತ್ತಿ, ಪೀಚೆಕತ್ತಿಗಳಿಗೂ ಮಲೆನಾಡಿನ ಮನೆಗಳ ಕತ್ತಿಗಳಿಗೂ ಈ ಕ್ರಮವೇ ಅನ್ವಯಿಸುವುದು. ಅವುಗಳನ್ನು ಮಾಡಬಲ್ಲ ಕಮ್ಮಾರರು ಎಲ್ಲಿ ಇನ್ನೂ ಕುಲುಮೆ ಹೂಡಿರುವರೋ ಅಲ್ಲಿ ಅಲಗನ್ನು ಅಳೆಯುವ ಮೊದಲು ಅವರ ಮಾತನ್ನು ಬರೆದುಕೊಳ್ಳುವುದು ಮೇಲು. ಕಬ್ಬಿಣ ಇನ್ನೊಂದು ತಲೆಮಾರು ಕಾದೀತು, ಮಾತು ಕಾಯದು.