ಅವಸರಕ್ಕೆ ಹೊತ್ತಿಕೊಂಡ ಇಂಧನ

ಮೊನ್ನೆ ಮನೆಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ, "ಸರ್, ರಾಕೆಟ್ಟಿಗೆ ವಿಷವನ್ನೇ ಇಂಧನವಾಗಿ ತುಂಬುತ್ತಾರಂತೆ, ನಿಜವೇ?" ಎಂದು ಕೇಳಿದ. ನಿಜ. ಆ ವಿಷದ ಹೆಸರು ಹೈಡ್ರಜೀನ್. ಅವನಿಗೆ ಹೇಳಿದ ಕಥೆಯನ್ನೇ ನಿಮಗಾಗಿ ಇಲ್ಲಿ ಬರೆದಿದ್ದೇನೆ.

ಎರಡು ನೈಟ್ರೋಜನ್, ನಾಲ್ಕು ಹೈಡ್ರೋಜನ್ ಪರಮಾಣುಗಳ ಈ ಸಂಯುಕ್ತ ಅಮೋನಿಯಾದ ವಾಸನೆಯುಳ್ಳ, ಬಣ್ಣವಿಲ್ಲದ ದ್ರವ. ಇದರ ಬಳಗದ ಫೀನೈಲ್ ಹೈಡ್ರಜೀನನ್ನು 1875ರಲ್ಲಿ ಜರ್ಮನಿಯ ಎಮಿಲ್ ಫಿಷರ್ ಕಂಡುಹಿಡಿದರು. ಅದರ ನೆರವಿನಿಂದ ಸಕ್ಕರೆಗಳ ರಚನೆಯನ್ನು ಬಿಡಿಸಿದ ಫಿಷರರಿಗೆ 1902ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಆದರೆ ವರ್ಷಗಟ್ಟಲೆ ಅದರೊಡನೆ ಕೆಲಸ ಮಾಡಿ ಅವರ ಆರೋಗ್ಯವೇ ಕೆಟ್ಟಿತು. ಜ್ಞಾನವನ್ನು ಕೊಟ್ಟ ವಸ್ತುವೇ ದೇಹವನ್ನು ಸುಟ್ಟಿತು. ಹೈಡ್ರಜೀನನ್ನು ಮೊದಲು ತಯಾರಿಸಿದವರು ಥಿಯೋಡೋರ್ ಕರ್ಟಿಯಸ್, 1887ರಲ್ಲಿ.

ಹಾಗಾದರೆ ಈ ವಿಷವನ್ನು ರಾಕೆಟ್ಟಿಗೆ ಆರಿಸಿದ್ದೇಕೆ? ದ್ರವ ಆಮ್ಲಜನಕವನ್ನು ಮೈನಸ್ 183 ಡಿಗ್ರಿಗಿಂತ ತಣ್ಣಗಿಡಬೇಕು. ತುಂಬಿಟ್ಟರೆ ಆವಿಯಾಗುತ್ತಲೇ ಇರುತ್ತದೆ. ಹೈಡ್ರಜೀನ್ ಬಳಗದ ಡೈಮೀಥೈಲ್ ಹೈಡ್ರಜೀನ್ ಸಾಮಾನ್ಯ ಉಷ್ಣತೆಯಲ್ಲಿಯೇ ದ್ರವವಾಗಿರುತ್ತದೆ. ಅದು ನೈಟ್ರಿಕ್ ಆಮ್ಲಕ್ಕೆ ತಗುಲಿದೊಡನೆ ಕಿಡಿಯಿಲ್ಲದೆ ತಾನೇ ಹೊತ್ತಿಕೊಳ್ಳುತ್ತದೆ. ಸದಾ ಸಿದ್ಧವಾಗಿರಬೇಕಾದ ಕ್ಷಿಪಣಿಗೆ ಇದಕ್ಕಿಂತ ಅನುಕೂಲ ಬೇರೇನು? ಆದರೆ ಈ ಗುಣಕ್ಕೆ ಮಿತ್ರ ಯಾರು, ಶತ್ರು ಯಾರು ಎಂಬ ಭೇದವಿಲ್ಲ.

1960ರ ಅಕ್ಟೋಬರ್ ತಿಂಗಳು. ಅಂದಿನ ಸೋವಿಯತ್ ಒಕ್ಕೂಟದ ಬೈಕನೂರಿನಲ್ಲಿ ಮಿಖಾಯಿಲ್ ಯಾಂಗೆಲ್ ರೂಪಿಸಿದ ಆರ್-16 ಕ್ಷಿಪಣಿ ಮೊದಲ ಹಾರಾಟಕ್ಕೆ ನಿಂತಿತ್ತು. ನವೆಂಬರ್ 7ರ ಕ್ರಾಂತಿಯ ವಾರ್ಷಿಕೋತ್ಸವಕ್ಕೆ ಮೊದಲೇ ಅದು ಹಾರಬೇಕೆಂಬ ಒತ್ತಡ. 23ರಂದು ದೋಷಗಳು ಕಂಡುಬಂದವು. ಇಂಧನವನ್ನು ಇಳಿಸಿ, ಬಳಿಕ ದುರಸ್ತಿ ಮಾಡುವುದು ವಿವೇಕದ ಮಾರ್ಗವಾಗಿತ್ತು. ಆದರೆ ತುಂಬಿದ ಕ್ಷಿಪಣಿಯ ಮೇಲೆಯೇ ದುರಸ್ತಿ ನಡೆಯಿತು. ಸೇನೆಯ ಮಾರ್ಷಲ್ ಮಿತ್ರೊಫಾನ್ ನೆಡೆಲಿನ್ ಸಮೀಪದಲ್ಲಿಯೇ ಕುರ್ಚಿ ಹಾಕಿಸಿಕೊಂಡು ಕುಳಿತರು. ಮೇಲಧಿಕಾರಿಯೇ ಕುಳಿತಿರುವಾಗ ದೂರ ಸರಿಯುವ ಧೈರ್ಯ ಯಾರಿಗಿದ್ದೀತು?

24ರ ಸಂಜೆ, ನಿಯಂತ್ರಣ ವ್ಯವಸ್ಥೆಯಿಂದ ಹೊರಟ ತಪ್ಪು ಆಜ್ಞೆಯೊಂದು ಎರಡನೆಯ ಹಂತದ ಎಂಜಿನ್ನನ್ನು ಹೊತ್ತಿಸಿತು. ಕೆಳಗಿನ ಹಂತದ ತೊಟ್ಟಿಗಳು ಒಡೆದವು. 70ಕ್ಕೂ ಹೆಚ್ಚು ಮಂದಿ ಬೆಂಕಿಗೂ ವಿಷದ ಹೊಗೆಗೂ ಬಲಿಯಾದರು. ಆ ಸಂಖ್ಯೆ ನೂರನ್ನು ದಾಟಿತ್ತೆಂದು ಹೇಳುವವರೂ ಉಂಟು. ನೆಡೆಲಿನ್ನರೂ ಉಳಿಯಲಿಲ್ಲ. ಸಿಗರೇಟು ಸೇದಲು ರಕ್ಷಣಾಗೃಹಕ್ಕೆ ಹೋಗಿದ್ದ ಯಾಂಗೆಲ್ ಬದುಕಿದರು. ಮಾರ್ಷಲ್ ವಿಮಾನಾಪಘಾತದಲ್ಲಿ ಮಡಿದರೆಂದು ಸರ್ಕಾರ ಸಾರಿತು. ನಿಜಸಂಗತಿಯನ್ನು ಸೋವಿಯತ್ ಪತ್ರಿಕೆ ಬಹಿರಂಗವಾಗಿ ಬರೆದದ್ದು 1989ರಲ್ಲಿ. ಸತ್ತ ತಂತ್ರಜ್ಞರ ಮನೆಯವರು ಅಷ್ಟು ವರ್ಷ ತಮ್ಮ ದುಃಖವನ್ನು ನಾಲ್ವರೆದುರು ಹೇಳಿಕೊಳ್ಳುವಂತಿರಲಿಲ್ಲ.

ಇಂಧನ ದುಷ್ಟವೆಂದು ನಾನು ಹೇಳಲಾರೆ. ನಮ್ಮ ಪಿ.ಎಸ್.ಎಲ್.ವಿ.ಯ ಎರಡನೆಯ ಹಂತದ 'ವಿಕಾಸ್' ಎಂಜಿನ್ನಿಗೂ ಡೈಮೀಥೈಲ್ ಹೈಡ್ರಜೀನೇ ಮುಖ್ಯ ಆಹಾರ. ಮಂಗಳಯಾನದ ಎಂಜಿನ್ನಿನಲ್ಲಿದ್ದದ್ದು ಇದರ ಸೋದರ ಸಂಯುಕ್ತ. ಸುಮಾರು 300 ದಿನ ಮಲಗಿದ್ದ ಆ ಎಂಜಿನ್ನು 2014ರ ಸೆಪ್ಟೆಂಬರ್ 24ರ ಬೆಳಗ್ಗೆ ಮಂಗಳನ ಬಳಿ ಸರಿಯಾಗಿ ಹೊತ್ತಿಕೊಂಡಾಗ ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿ ಎದ್ದ ಹರ್ಷೋದ್ಗಾರವನ್ನು ನೀವೂ ದೂರದರ್ಶನದಲ್ಲಿ ನೋಡಿರಬಹುದು. ತಾನೇ ಹೊತ್ತಿಕೊಳ್ಳುವ ಅದೇ ಗುಣ ಅಲ್ಲಿ ವರವಾಯಿತು.

ಪ್ರಯೋಗಶಾಲೆಯಲ್ಲಿ "ಆಮ್ಲಕ್ಕೆ ನೀರಲ್ಲ, ನೀರಿಗೆ ಆಮ್ಲ" ಎಂದು ನಾನು ನೂರು ಬಾರಿ ಹೇಳುತ್ತಿದ್ದಾಗ ನೀವು ನಗುತ್ತಿದ್ದಿರಿ. ಇಂದು ನಿಮ್ಮಲ್ಲಿ ಹಲವರು ಮೇಲಧಿಕಾರಿಗಳಾಗಿದ್ದೀರಿ. ನಿಯಮವನ್ನು ನೆನಪಿಸುವ ಕಿರಿಯನೊಬ್ಬ ನಿಮ್ಮೆದುರು ನಿಂತರೆ, ಕುರ್ಚಿಯಿಂದ ಎದ್ದು ಅವನ ಮಾತನ್ನು ಕೇಳಿ. ನಿಮ್ಮ ಈ ಮೇಷ್ಟ್ರ ಬಯಕೆ ಇಷ್ಟೇ.