ಮೂವತ್ಮೂರರಲ್ಲಿ ಬಂದ ಚಿನ್ನ: ಸರ್ಬಿಯಾದ ಇವಾನಾ

ಲಾಂಗ್ ಜಂಪ್‌ನಲ್ಲಿ ಎಲ್ಲಿಂದ ಎಲ್ಲಿಯವರೆಗೆ ಅಳೆಯುತ್ತಾರೆ ಎಂದು ಕೇಳಿದರೆ ಹೆಚ್ಚಿನವರು ‘ಹಾರಿದಲ್ಲಿಂದ ಕಾಲೂರಿದಲ್ಲಿಗೆ’ ಅನ್ನುತ್ತಾರೆ. ನಿಜದಲ್ಲಿ ಅಳತೆ ಶುರುವಾಗುವುದು ಹಲಗೆಯ ಮುಂದಿನ ಅಂಚಿನಿಂದ. ಮುಗಿಯುವುದು ಮರಳಿನಲ್ಲಿ ಆ ಹಲಗೆಗೆ ಎಲ್ಲಕ್ಕಿಂತ ಹತ್ತಿರ ಬಿದ್ದ ಗುರುತಿನಲ್ಲಿ. ಅದು ಕಾಲಿನ ಗುರುತೇ ಆಗಬೇಕೆಂದಿಲ್ಲ. ಹಿಂದಕ್ಕೆ ಕೈ ಊರಿದರೆ ಕೈಯದೇ ಲೆಕ್ಕ, ಮೈಮೇಲಿದ್ದ ಬಟ್ಟೆಬರೆ ತಾಗಿದರೆ ಅದರದೇ ಲೆಕ್ಕ. ಮುಂಬೈಯ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್ ಆಗಿದ್ದ ವರ್ಷಗಳಲ್ಲಿ, ಸ್ಪೋರ್ಟ್ಸ್ ಡೇ ದಿನ ಹುಡುಗಿಯರ ಎರಡೂ ಜಡೆಗಳನ್ನು ನಾನು ಮೇಲೆತ್ತಿ ಬಿಗಿಯಾಗಿ ಕಟ್ಟಿಸುತ್ತಿದ್ದೆ. ‘ಟೀಚರ್‌ಗೆ ಎಲ್ಲದಕ್ಕೂ ಹೆದರಿಕೆ’ ಎಂದು ಅವರು ನಗುತ್ತಿದ್ದರು.

ಈ ನಿಯಮದ ಬಿಸಿ ದೊಡ್ಡ ಮಟ್ಟದಲ್ಲಿ ತಾಗಿದ್ದು ಸರ್ಬಿಯಾದ ಇವಾನಾ ಶ್ಪಾನೊವಿಚ್‌ಗೆ. ಅವಳ ಕಥೆ ನಮ್ಮಲ್ಲಿ ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಸರ್ಬಿಯಾ ಎಂದರೆ ನಮಗೆ ಜೊಕೊವಿಚ್ ಒಬ್ಬನೇ.

ಇವಾನಾ ಹುಟ್ಟಿದ್ದು 1990ರ ಮೇ 10ರಂದು, ದೇಶದ ಉತ್ತರಕ್ಕಿರುವ ವೊಯ್ವೊದಿನಾ ಪ್ರಾಂತ್ಯದ ಜ್ರೆನ್ಯಾನಿನ್ ಎಂಬ ಊರಿನಲ್ಲಿ. ಆಗ ಅದು ಯುಗೊಸ್ಲಾವಿಯಾ. ಮರುವರ್ಷವೇ ಆ ದೇಶ ಒಡೆಯತೊಡಗಿತು. ಯುದ್ಧ, ಆರ್ಥಿಕ ದಿಗ್ಬಂಧನ, ಮತ್ತೆ ಯುದ್ಧ. 2003ರಲ್ಲಿ ದೇಶದ ಹೆಸರು ‘ಸರ್ಬಿಯಾ ಮತ್ತು ಮಾಂಟೆನೆಗ್ರೊ’ ಎಂದಾಯಿತು, 2006ರಲ್ಲಿ ಬರೀ ‘ಸರ್ಬಿಯಾ’ ಉಳಿಯಿತು. ಹದಿನಾರು ವರ್ಷದೊಳಗೆ ಮೂರು ಹೆಸರಿನ ದೇಶ! ನಮ್ಮಲ್ಲಿ ಹಳಬರಿಗೆ ಇದು ತೀರಾ ವಿಚಿತ್ರ ಅನ್ನಿಸಲಾರದು. ನನ್ನ ಅಜ್ಜಿ ಮುಂಬೈ ರಾಜ್ಯದಲ್ಲಿ ಮದುವೆಯಾಗಿ, ಮೈಸೂರು ರಾಜ್ಯದಲ್ಲಿ ಮಕ್ಕಳನ್ನು ಬೆಳೆಸಿ, ಕರ್ನಾಟಕದಲ್ಲಿ ತೀರಿಕೊಂಡರು. ಧಾರವಾಡ ಬಿಟ್ಟು ಅವರು ಎಲ್ಲಿಗೂ ಹೋಗಿರಲಿಲ್ಲ. ಆದರೆ ನಮ್ಮದು ಕಾಗದದ ಮೇಲಿನ ಬದಲಾವಣೆ, ಅಲ್ಲಿಯದು ಬಾಂಬಿನದು. ಇವಾನಾ ಮುಂದೆ ತರಬೇತಿ ಪಡೆದ ನೋವಿ ಸಾದ್ ನಗರದಲ್ಲಿ ಡ್ಯಾನ್ಯೂಬ್ ನದಿಯ ಮೂರು ಸೇತುವೆಗಳು 1999ರ ನ್ಯಾಟೊ ದಾಳಿಯಲ್ಲಿ ಮುರಿದುಬಿದ್ದವು. ಆಗ ಅವಳಿಗೆ ಎಂಟು ವರ್ಷ.

ನೋವಿ ಸಾದ್‌ನಲ್ಲಿ ಗೊರಾನ್ ಒಬ್ರಾದೊವಿಚ್ ಎಂಬ ಕೋಚ್ ಅವಳನ್ನು ತಿದ್ದಿದರು. 2008ರಲ್ಲಿ ಪೋಲೆಂಡ್‌ನ ಬಿಡ್ಗೊಶ್‌ನಲ್ಲಿ ಜೂನಿಯರ್ ವಿಶ್ವ ಚಾಂಪಿಯನ್ ಆದಳು. ಹದಿನೆಂಟಕ್ಕೇ ಬೀಜಿಂಗ್ ಒಲಿಂಪಿಕ್ಸ್‌ಗೂ ಹೋದಳು, ಆದರೆ ಫೈನಲ್ ತಲುಪಲಿಲ್ಲ. ಜೂನಿಯರ್‌ನಲ್ಲಿ ಗೆದ್ದ ಎಷ್ಟೋ ಹುಡುಗಿಯರು ಆಮೇಲೆ ಕಾಣೆಯಾಗುತ್ತಾರೆ. ನನ್ನ ಕಣ್ಣೆದುರೇ ಆದವರಿದ್ದಾರೆ. ಇವಳು ಕಾಣೆಯಾಗಲಿಲ್ಲ.

2013ರ ಆಗಸ್ಟ್‌ನಲ್ಲಿ ಮಾಸ್ಕೊದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 6.82 ಮೀಟರ್ ಹಾರಿ ಕಂಚು ಗೆದ್ದಳು. ಸರ್ಬಿಯಾ ಎಂಬ ದೇಶಕ್ಕೆ ವಿಶ್ವ ಅಥ್ಲೆಟಿಕ್ಸ್‌ನಲ್ಲಿ ಸಿಕ್ಕ ಮೊದಲ ಪದಕ ಅದು. ಇಲ್ಲಿ ನಮಗೆ ಅಂಜು ಬಾಬಿ ಜಾರ್ಜ್ ನೆನಪಾಗಲೇಬೇಕು. ಭಾರತಕ್ಕೆ ಇಂಥದೇ ಮೊದಲ ಪದಕ ತಂದವರು ಅವರು: 2003, ಪ್ಯಾರಿಸ್, 6.70 ಮೀಟರ್, ಅದೂ ಕಂಚು, ಅದೂ ಲಾಂಗ್ ಜಂಪ್‌ನಲ್ಲೇ. ಕೇರಳದ ಮಗಳು, ಬೆಂಗಳೂರಿನಲ್ಲಿ ನೆಲೆಸಿದವರು. ಮರುವರ್ಷ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಅವರು 6.83 ಹಾರಿದರು. ಮಾಸ್ಕೊದಲ್ಲಿ ಇವಾನಾಗೆ ಕಂಚು ಕೊಟ್ಟ ಜಿಗಿತಕ್ಕಿಂತ ಒಂದು ಸೆಂಟಿಮೀಟರ್ ಹೆಚ್ಚು! ಆದರೆ ಆ ದಿನ ಅದಕ್ಕೆ ದಕ್ಕಿದ್ದು ಆರನೇ ಸ್ಥಾನ. ಮುಂದಿದ್ದ ಮರಿಯನ್ ಜೋನ್ಸ್ ಅನರ್ಹಳಾದ ಮೇಲೆ, ವರ್ಷಗಳ ನಂತರ, ಐದನೆಯದಾಯಿತು. ಈ ಆಟದಲ್ಲಿ ನೀವೆಷ್ಟು ಹಾರಿದಿರಿ ಎನ್ನುವುದರಷ್ಟೇ, ಆ ದಿನ ಪಕ್ಕದಲ್ಲಿ ಯಾರಿದ್ದರು ಎನ್ನುವುದೂ ಮುಖ್ಯ.

ಇವಾನಾಳ ಪಕ್ಕದಲ್ಲಿ ಯಾವಾಗಲೂ ಇರುತ್ತಿದ್ದವರು ಇಬ್ಬರು ಅಮೆರಿಕನ್ನರು, ಬ್ರಿಟ್ನಿ ರೀಸ್ ಮತ್ತು ಟಿಯಾನಾ ಬಾರ್ಟೊಲೆಟಾ. 2015ರ ಬೀಜಿಂಗ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 7.01 ಹಾರಿದರೂ ಕಂಚೇ. 2016ರ ಪೋರ್ಟ್‌ಲ್ಯಾಂಡ್ ಒಳಾಂಗಣ ಕೂಟದಲ್ಲಿ 7.07 ಹಾರಿ ಮುಂದಿದ್ದಳು, ಕೊನೆಯ ಸರದಿಯಲ್ಲಿ ರೀಸ್ 7.22 ಹಾರಿಬಿಟ್ಟಳು. ಅದೇ ವರ್ಷ ರಿಯೊ ಒಲಿಂಪಿಕ್ಸ್‌ನಲ್ಲಿ 7.08, ಸರ್ಬಿಯಾದ ರಾಷ್ಟ್ರೀಯ ದಾಖಲೆ. ಬಾರ್ಟೊಲೆಟಾ 7.17, ರೀಸ್ 7.15. ಮತ್ತೆ ಕಂಚು.

ಯುರೋಪಿನೊಳಗೆ ಮಾತ್ರ ಅವಳೇ ರಾಣಿ. 2017ರ ಮಾರ್ಚ್‌ನಲ್ಲಿ ಬೆಲ್‌ಗ್ರೇಡ್‌ನಲ್ಲಿ, ತನ್ನದೇ ಜನರೆದುರು, ಯುರೋಪಿಯನ್ ಒಳಾಂಗಣ ಕೂಟದಲ್ಲಿ 7.24 ಮೀಟರ್ ಹಾರಿದಳು. ಒಳಾಂಗಣದಲ್ಲಿ ಅದಕ್ಕಿಂತ ದೂರ ಹಾರಿದ್ದವರು ಅಂದಿಗೆ ಇಬ್ಬರೇ: ಹೈಕೆ ಡ್ರೆಕ್ಸ್‌ಲರ್ ಮತ್ತು ಗಲಿನಾ ಚಿಸ್ತ್ಯಕೋವಾ. ಇಬ್ಬರೂ ಎಂಬತ್ತರ ದಶಕದವರು.

ಅದೇ ವರ್ಷದ ಆಗಸ್ಟ್, ಲಂಡನ್ ವಿಶ್ವ ಚಾಂಪಿಯನ್‌ಷಿಪ್. ಐದು ಸರದಿ ಮುಗಿದಿತ್ತು. ಕೊನೆಯ ಜಿಗಿತ ಏಳು ಮೀಟರ್ ದಾಟಿದಂತೆ ಕಂಡಿತು. ಚಿನ್ನವೇ ಬಂತೇನೋ ಅನ್ನಿಸುವ ಹಾರಾಟ. ಬೋರ್ಡಿನಲ್ಲಿ ಬಂದದ್ದು 6.91. ಬೆನ್ನಿಗೆ ಅಂಟಿಸಿದ್ದ ಹೆಸರಿನ ಚೀಟಿಯ ಕೆಳತುದಿ ಕಳಚಿ ನೇತಾಡುತ್ತಿತ್ತು. ಕಾಲಿಗಿಂತ ಹಿಂದೆ ಮರಳು ಸವರಿದ್ದು ಅದೇ ಎಂದು ಸರ್ಬಿಯಾದವರು ದೂರು ಕೊಟ್ಟರು, ಅದು ತಿರಸ್ಕೃತವಾಯಿತು. ಇವಾನಾಳ ಉತ್ತಮ ಜಿಗಿತ 6.96ರಲ್ಲೇ ಉಳಿಯಿತು. ಮೂರನೆಯವಳಾದ ಬಾರ್ಟೊಲೆಟಾ 6.97, ಚಿನ್ನ ಗೆದ್ದ ರೀಸ್ 7.02. ಇವಾನಾ ನಾಲ್ಕನೆಯವಳು. ವೀಡಿಯೊ ನಾನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ನಿಯಮ ನಿಯಮವೇ, ತೀರ್ಪುಗಾರರದು ತಪ್ಪಲ್ಲ. ಆದರೂ ಆ ಚೀಟಿಯನ್ನು ಅವಳ ಬೆನ್ನಿಗೆ ಅಂಟಿಸಿಕೊಂಡು ಓಡು ಎಂದವರು ಸಂಘಟಕರೇ ತಾನೆ?

ಮರುವರ್ಷ ಬರ್ಮಿಂಗ್‌ಹ್ಯಾಂನಲ್ಲಿ ರೀಸ್‌ಳನ್ನೇ ಸೋಲಿಸಿ ಒಳಾಂಗಣ ವಿಶ್ವ ಚಿನ್ನ ಗೆದ್ದಳು. ಅಲ್ಲಿಂದ ಮುಂದೆ ಮೈ ಕೈಕೊಡತೊಡಗಿತು. 2018ರ ಬರ್ಲಿನ್ ಯುರೋಪಿಯನ್ ಕೂಟದಲ್ಲಿ ಅರ್ಹತಾ ಸುತ್ತಿನಲ್ಲಿ ಎಲ್ಲರಿಗಿಂತ ಮುಂದಿದ್ದಳು, ಆದರೆ ಹಿಮ್ಮಡಿಯ ಮೇಲಿನ ಅಕಿಲಿಸ್ ನರದ ನೋವಿನಿಂದ ಫೈನಲ್‌ಗೇ ಇಳಿಯಲಿಲ್ಲ. 2019ರ ದೋಹಾ ವಿಶ್ವ ಕೂಟವೂ ಗಾಯದಿಂದ ತಪ್ಪಿತು. ಆ ಹೊತ್ತಿಗೆ ಜರ್ಮನಿಯ ಮಲೈಕಾ ಮಿಹಾಂಬೊ ಬಂದಾಗಿತ್ತು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮಿಹಾಂಬೊಗೆ ಚಿನ್ನ, ಇವಾನಾಗೆ 6.91, ಮತ್ತೊಮ್ಮೆ ನಾಲ್ಕನೇ ಸ್ಥಾನ. 31 ವರ್ಷ, ಎರಡು ಸಲ ನಾಲ್ಕನೆಯವಳು. ಇನ್ನು ಸಾಕು ಎನ್ನಲು ಇಷ್ಟು ಕಾರಣ ಸಾಲದೆ?

ಮದುವೆಯಾಯಿತು, ಹೆಸರು ಇವಾನಾ ವುಲೆಟಾ ಎಂದಾಯಿತು. ಹಳೆಯ ಹೆಸರಿನಲ್ಲಿ ಹುಡುಕುವ ನನ್ನಂಥವರಿಗೆ ಕೆಲವು ದಿನ ಗೊಂದಲ. 2022ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಇನ್ನೊಮ್ಮೆ ಒಳಾಂಗಣ ವಿಶ್ವ ಚಿನ್ನ. ಬೇಸಿಗೆಯಲ್ಲಿ ಯೂಜೀನ್ ವಿಶ್ವ ಕೂಟದಲ್ಲಿ ಏಳನೇ ಸ್ಥಾನಕ್ಕೆ ಜಾರಿದಳು. ಒಂದು ತಿಂಗಳು ಕಳೆಯುವಷ್ಟರಲ್ಲಿ ಮ್ಯೂನಿಕ್‌ನ ಯುರೋಪಿಯನ್ ಕೂಟದಲ್ಲಿ, ಮಿಹಾಂಬೊಳ ಮನೆಯಂಗಳದಲ್ಲೇ, 7.06 ಹಾರಿ ಅವಳನ್ನು ಮೂರು ಸೆಂಟಿಮೀಟರ್‌ನಿಂದ ಸೋಲಿಸಿದಳು.

2023ರ ಆಗಸ್ಟ್ 20, ಬುಡಾಪೆಸ್ಟ್. ಹೊರಾಂಗಣ ವಿಶ್ವ ಚಾಂಪಿಯನ್‌ಷಿಪ್‌ನ ಫೈನಲ್‌ನಲ್ಲಿ ವುಲೆಟಾ 7.14 ಮೀಟರ್ ಹಾರಿದಳು, ಹೊರಾಂಗಣದಲ್ಲಿ ತನ್ನ ಜೀವಮಾನದ ಅತಿ ಉದ್ದದ ಜಿಗಿತ. ಎರಡನೆಯವಳಾದ ಅಮೆರಿಕದ ಟಾರಾ ಡೇವಿಸ್-ವುಡ್‌ಹಾಲ್ 6.91. ಗಾಯದಿಂದಾಗಿ ಮಿಹಾಂಬೊ ಅಲ್ಲಿರಲಿಲ್ಲ, ನಿಜ. ಆದರೆ 23 ಸೆಂಟಿಮೀಟರ್ ಅಂತರ ಎಂದರೆ ಒಂದು ಗೇಣಿಗಿಂತ ಹೆಚ್ಚು. ಸೆಂಟಿಮೀಟರ್‌ಗಳಲ್ಲಿ ಸೋತು ಬಂದವಳು ಆ ದಿನ ಟೇಪಿನ ಜಗಳಕ್ಕೇ ಅವಕಾಶ ಕೊಡಲಿಲ್ಲ. ಅವಳಿಗೆ 33 ವರ್ಷ. ಸರ್ಬಿಯಾಕ್ಕೆ ಈ ಕೂಟದಲ್ಲಿ ಮೊದಲ ಕಂಚು ತಂದವಳೇ ಹತ್ತು ವರ್ಷದ ನಂತರ ಮೊದಲ ಚಿನ್ನವನ್ನೂ ತಂದಳು.

ಉಳಿದದ್ದು ಒಲಿಂಪಿಕ್ ಚಿನ್ನ ಒಂದೇ. 2024ರಲ್ಲಿ, ಪ್ಯಾರಿಸ್‌ಗೆ ತಯಾರಾಗುತ್ತಿರುವಾಗ, ಅದೇ ಅಕಿಲಿಸ್ ನರ ಹರಿಯಿತು. ಅವಳಿಲ್ಲದ ಪ್ಯಾರಿಸ್‌ನಲ್ಲಿ ಚಿನ್ನ ಗೆದ್ದವಳು ಡೇವಿಸ್-ವುಡ್‌ಹಾಲ್. ಅವಳು ಹಾರಿದ್ದು 7.10 ಮೀಟರ್.