ಹೆರಿಗೆಯ ಭಯದ ಚರಿತ್ರೆ: ಬೆಂಗಳೂರಿನ ಓಕಳಿಪುರಂ ಸುತ್ತಿನಿಂದ ಒಂದು ನೋಟ

ಗರ್ಭಿಣಿಯರ ಹೆರಿಗೆ ಭಯ ವೈದ್ಯಗ್ರಂಥಗಳಿಗೆ ಸೇರಿದ್ದು ತೀರ ಈಚೆಗೆ. ಫ್ರಾನ್ಸಿನ ವೈದ್ಯ ಲೂಯಿ ವಿಕ್ಟರ್ ಮಾರ್ಸೆ 1858ರಲ್ಲಿ ಬಸುರಿ-ಬಾಣಂತಿಯರ ಮನೋರೋಗಗಳ ಬಗ್ಗೆ ಬರೆಯುತ್ತ ಇದನ್ನು ಪ್ರಸ್ತಾಪಿಸಿದ. 2000ದಲ್ಲಿ ಕ್ರಿಸ್ಟಿನಾ ಹಾಫ್‌ಬರ್ಗ್ ಮತ್ತು ಇಯಾನ್ ಬ್ರಾಕಿಂಗ್ಟನ್ 26 ಮಹಿಳೆಯರನ್ನು ಅಧ್ಯಯನ ಮಾಡಿ, ಅತಿಯಾದ ಹೆರಿಗೆ ಭಯವನ್ನು ‘ಟೋಕೋಫೋಬಿಯಾ’ ಎಂದು ಗುರುತಿಸಿದರು. ನಮ್ಮ ಕಡೆ ಈ ಭಯವನ್ನು ಯಾರೂ ಕಾಯಿಲೆ ಎಂದು ಎಣಿಸಿರಲಿಲ್ಲ. ಹೆರಿಗೆ ಹೆಣ್ಣಿಗೆ ಮರುಹುಟ್ಟು ಎನ್ನುವುದು ಮನೆಮನೆಯ ಮಾತಾಗಿತ್ತು.

ಆ ಮಾತಿಗೆ ಗಟ್ಟಿಯಾದ ಕಾರಣವಿತ್ತು. ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿಯ 1946ರ ವರದಿಯ ಅಂದಾಜಿನಂತೆ, ಆಗಿನ ಭಾರತದಲ್ಲಿ ಪ್ರತಿ 1000 ಜೀವಂತ ಜನನಕ್ಕೆ 20 ತಾಯಂದಿರು ಸಾಯುತ್ತಿದ್ದರು. ಆರು ಸಲ ಬಸುರಾಗುವ ಹೆಣ್ಣಿಗೆ ಈ ಲೆಕ್ಕ ಹಾಕಿದರೆ, ಸುಮಾರು ಒಂಬತ್ತು ಮಂದಿಯಲ್ಲಿ ಒಬ್ಬಳು ಯಾವುದಾದರೊಂದು ಹೆರಿಗೆಯಲ್ಲಿ ತೀರಿಕೊಳ್ಳಬೇಕು. ನೆರೆಹೊರೆಯಲ್ಲಿ ಅಂಥ ಸಾವು ಕಾಣದ ಮನೆ ಇದ್ದಿರಲಾರದು. ಹಳೆಯ ಬೆಂಗಳೂರಿನ ಸೀಮಂತದ ಫೋಟೊಗಳನ್ನು ನಾನು ಈ ಹಿನ್ನೆಲೆಯಲ್ಲೇ ನೋಡುತ್ತೇನೆ. ಮೊಗ್ಗಿನ ಜಡೆ ಹೆಣೆಸಿಕೊಂಡು, ಎರಡೂ ಕೈತುಂಬ ಹಸಿರು ಬಳೆ ತೊಟ್ಟು, ಬಸುರಿ ಸ್ಟುಡಿಯೋದಲ್ಲಿ ಕೂತಿರುತ್ತಾಳೆ. ಜಡೆ ಕಾಣಲೆಂದು ಬೆನ್ನ ಹಿಂದೆ ನಿಲುವುಗನ್ನಡಿ ಇಟ್ಟಿರುತ್ತಾರೆ. ಮಡಿಲು ತುಂಬಿದ ಮುತ್ತೈದೆಯರು ‘ತಾಯಿ ಮಗು ಬೇರೆಯಾಗಿ ಕ್ಷೇಮವಾಗಿರಲಿ’ ಎಂದು ಹರಸುತ್ತಿದ್ದರು. ಆ ಹರಕೆಯಲ್ಲಿ ಸಂಭ್ರಮದಷ್ಟೇ ಆತಂಕವೂ ಇದೆ.

ಹೆರುವವಳಿಗೆ ಧೈರ್ಯ ತುಂಬುವ ಕೆಲಸಕ್ಕೆ ನಮ್ಮ ಶಾಸ್ತ್ರಗ್ರಂಥಗಳಲ್ಲೇ ಆಧಾರವಿದೆ. ಸೂತಿಕಾಗಾರದಲ್ಲಿ ಯಾರಿರಬೇಕು ಎಂಬುದನ್ನು ಚರಕಸಂಹಿತೆಯ ಶಾರೀರಸ್ಥಾನ ವಿವರವಾಗಿ ಹೇಳುತ್ತದೆ: ಹಲವು ಸಲ ಹೆತ್ತವರು, ಅಕ್ಕರೆಯುಳ್ಳವರು, ಎದೆಗುಂದದವರು, ಕಷ್ಟ ತಾಳಬಲ್ಲವರು. ಇವರು ಸುತ್ತ ಕೂತು ಸಮಾಧಾನದ ಮಾತಾಡುತ್ತಿರಬೇಕು. ಔಷಧಿಯ ಜೊತೆಗೆ ಜೊತೆಗಾತಿಯರನ್ನೂ ಚಿಕಿತ್ಸೆಯ ಭಾಗವಾಗಿ ಎಣಿಸಿದ ಈ ವಿವೇಕ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಊರಿನಲ್ಲಿ ಈ ಕೆಲಸ ಮಾಡಿದವಳು ಸೂಲಗಿತ್ತಿ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷದ ಡಿಸೆಂಬರ್ 25ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಆದರೂ ಆ ಕಾಲವನ್ನು ಹಾಡಿ ಹೊಗಳಲು ಮನಸ್ಸು ಒಪ್ಪದು. ರಕ್ತಸ್ರಾವ ನಿಲ್ಲದಿದ್ದರೆ, ಮಗು ಅಡ್ಡ ಸಿಕ್ಕಿಕೊಂಡರೆ, ನಂಜೇರಿದರೆ, ಅಕ್ಕರೆಯ ಕೈಗೂ ಮಾಡಲು ಹೆಚ್ಚೇನೂ ಇರಲಿಲ್ಲ.

ಹೆಣ್ಣುಮಕ್ಕಳ ಚಿಕಿತ್ಸೆಗೆಂದು 1885ರಲ್ಲಿ ಡಫರಿನ್ ನಿಧಿ ಹುಟ್ಟಿತು. ಬೆಂಗಳೂರಿನಲ್ಲಿ 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ಶುರುವಾಯಿತು, 1935ರಲ್ಲಿ ಅದರ ಪಕ್ಕದಲ್ಲೇ ವಾಣಿ ವಿಲಾಸ ಹೆರಿಗೆ ಆಸ್ಪತ್ರೆ ಬಂತು. ರೈಲು ಹಳಿಗಳ ಮಗ್ಗುಲಲ್ಲಿ, ಗಿರಣಿ ಮತ್ತು ರೈಲ್ವೆ ಕೆಲಸಗಾರರ ಸಂಸಾರಗಳು ನೆಲೆಸಿದ್ದ ಓಕಳಿಪುರಂನಿಂದ ಉತ್ತರಕ್ಕೆ ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆ, ದಕ್ಷಿಣಕ್ಕೆ ಕೋಟೆ ಬಳಿಯ ವಾಣಿ ವಿಲಾಸ. ದೂರ ಹೆಚ್ಚಿರಲಿಲ್ಲ, ಹೊಸಿಲು ದಾಟುವುದೇ ದೊಡ್ಡದಾಗಿತ್ತು. ಗಂಡು ಡಾಕ್ಟರು ಮುಟ್ಟುತ್ತಾರೆಂಬ ಸಂಕೋಚ, ಜಾತಿ-ಮೈಲಿಗೆಯ ಕಟ್ಟುಪಾಡು, ಆಸ್ಪತ್ರೆಗೆ ಹೋದವರು ಮರಳುವುದಿಲ್ಲವೆಂಬ ಅಳುಕು ಎಲ್ಲವೂ ಕಾಲು ಹಿಡಿದೆಳೆಯುತ್ತಿದ್ದವು. ಮೈಸೂರು ಸರ್ಕಾರ 1930ರ ಜೂನ್ 11ರಂದು ಸಂತಾನ ನಿಯಂತ್ರಣ ಕ್ಲಿನಿಕ್ಕುಗಳಿಗೆ ಒಪ್ಪಿಗೆ ಕೊಟ್ಟಿತು. ಮೇಲಿಂದ ಮೇಲೆ ಹೆರುವ ಭಯಕ್ಕೂ ಅದು ಒಂದು ಉತ್ತರವಾಗಿತ್ತು ಎಂದೇ ನನ್ನ ಎಣಿಕೆ.

ಭಯದಿಂದ ಮೈ ಬಿಗಿಯುತ್ತದೆ, ಬಿಗಿದರೆ ನೋವು ಹೆಚ್ಚುತ್ತದೆ ಎಂದು ಇಂಗ್ಲೆಂಡಿನ ಗ್ರಾಂಟ್ಲಿ ಡಿಕ್-ರೀಡ್ 1933ರಲ್ಲಿ ವಾದಿಸಿದ. ಆ ಭಯ ಕರಗುವಂತೆ ಕನ್ನಡದ ಓದುಗರಿಗೆ ಬಸುರು-ಹೆರಿಗೆಯ ವಿಷಯವನ್ನು ಮುಚ್ಚುಮರೆಯಿಲ್ಲದೆ ತಿಳಿಸಿದವರಲ್ಲಿ ಡಾ. ಅನುಪಮಾ ನಿರಂಜನ ಮುಖ್ಯರು. ಅವರ ‘ತಾಯಿ ಮಗು’ ಎಷ್ಟೋ ಮನೆಗಳಲ್ಲಿ ಬಸುರಿಯ ಕೈಗೆ ಬಂದ ಪುಸ್ತಕ.

ಇಂದು ಸಾವಿನ ಲೆಕ್ಕ ಪೂರ್ತಿ ಬದಲಾಗಿದೆ. ಕರ್ನಾಟಕದಲ್ಲಿ ಲಕ್ಷ ಜೀವಂತ ಜನನಕ್ಕೆ 2001-03ರಲ್ಲಿ 228 ಇದ್ದ ತಾಯಂದಿರ ಮರಣ 2018-20ರ ಹೊತ್ತಿಗೆ 69ಕ್ಕೆ ಇಳಿಯಿತು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ಭಯ ಮಾತ್ರ ಅದೇ ವೇಗದಲ್ಲಿ ಇಳಿದಿಲ್ಲ. ಗ್ರಾಮೀಣ ಕರ್ನಾಟಕದ ಹೆರಿಗೆ ಆಸ್ಪತ್ರೆಯೊಂದರ ಗರ್ಭಿಣಿಯರ ಬಗ್ಗೆ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅರ್ಧಕ್ಕೆ ತುಸು ಕಡಿಮೆ ಮಂದಿಯಲ್ಲಿ ಹೆರಿಗೆ ಭಯ ಕಂಡುಬಂತು. ಹೊಟ್ಟೆ ಕೊಯ್ಯುತ್ತಾರೆಂಬ ಹೆದರಿಕೆ ಈಗಿನ ಬಸುರಿಯರಲ್ಲಿ ದೊಡ್ಡದು. ಅದು ಬರೀ ಕಲ್ಪನೆಯಲ್ಲ. ರಾಜ್ಯದಲ್ಲಿ ಸಿಸೇರಿಯನ್ ಪ್ರಮಾಣ ನಾಲ್ಕನೇ ಸಮೀಕ್ಷೆಯಲ್ಲಿ ಶೇ. 23.6 ಇದ್ದದ್ದು ಐದನೆಯದರಲ್ಲಿ ಶೇ. 31.5 ಆಯಿತು. ನೋವಿಗೆ ಹೆದರಿ ತಾವೇ ಆಪರೇಷನ್ ಕೇಳುವವರೂ ಇದ್ದಾರೆ. ಬಳ್ಳಾರಿಯಲ್ಲಿ 2024ರ ನವೆಂಬರ್‌ನಲ್ಲಿ ಸಾಲಾಗಿ ನಡೆದ ಬಾಣಂತಿಯರ ಸಾವು ಹಳೆಯ ಭಯವನ್ನೂ ಮತ್ತೆ ಕೆದಕಿತು.

ಇನ್ನೊಂದು ಭಯವಿದೆ, ಒಂಟಿಯಾಗುವುದರದು. ಹೆರಿಗೆಯೇ ಆಸ್ಪತ್ರೆಗೆ ಸ್ಥಳಾಂತರವಾದಾಗ ತಾಯಿಯೂ ಅತ್ತೆಯೂ ವಾರ್ಡಿನ ಬಾಗಿಲಾಚೆ ಉಳಿದರು. ಒಳಗೆ ನೋವು ತಿನ್ನುವವಳಿಗೆ ಕೈ ಹಿಡಿಯುವವರಿಲ್ಲ, ಕೂಗಿದರೆ ಗದರಿಕೆ. ಸಾವನ್ನು ಹಿಮ್ಮೆಟ್ಟಿಸಿದ ವ್ಯವಸ್ಥೆಯೇ ಚರಕ ಹೇಳಿದ ಆ ಜೊತೆಗಾತಿಯರನ್ನು ಹೊರಗಿಟ್ಟಿತು. ಕೇಂದ್ರ ಸರ್ಕಾರ 2016ರಲ್ಲಿ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಗೆ ಒಬ್ಬ ಜೊತೆಗಾತಿಯನ್ನು ಬಿಡಬಹುದೆಂದು ಮಾರ್ಗಸೂಚಿ ಹೊರಡಿಸಿತು. ಅದನ್ನು ಪಾಲಿಸಲು ಹೊಸ ಯಂತ್ರ ಬೇಕಿಲ್ಲ. ಒಂದು ಹಾಸಿಗೆಗೂ ಇನ್ನೊಂದಕ್ಕೂ ನಡುವೆ ಪರದೆ, ಜೊತೆಗೆ ಬಂದವಳಿಗೆ ಒಂದು ಸ್ಟೂಲು, ಅವಳನ್ನು ಒಳಗೆ ಬಿಡುವಷ್ಟು ಸಿಬ್ಬಂದಿಯ ಸೌಜನ್ಯ, ಇಷ್ಟಿದ್ದರೆ ಸಾಕು.